ಅಂಕಣದ ಲೆಕ್ಕ: ಕಂಬ-ತೊಲೆಯ ಮನೆಗೆ ಎಷ್ಟು ಖರ್ಚು?

ಬಾಗಲಕೋಟೆಯಲ್ಲಿ ಮನೆ ಕಟ್ಟುವವರಿಗೆ ಅಂದಾಜುಪಟ್ಟಿ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಚದರ ಅಡಿಗೆ ಎಷ್ಟು ಬೀಳುತ್ತದೆ?" ಸಿಮೆಂಟು, ಕಬ್ಬಿಣ, ಇಟ್ಟಿಗೆಯ ಮನೆಯಾದರೆ ಬಾಯಿಮಾತಿನಲ್ಲೇ ಒಂದು ಅಂಕಿ ಹೇಳಿಬಿಡುತ್ತೇನೆ. ಅಂಥವು ಓಣಿಗೆ ಹತ್ತು ಎದ್ದಿವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಹೇಳಿದ ಅಂಕಿ ತಪ್ಪಿದರೂ ಬಹಳ ತಪ್ಪುವುದಿಲ್ಲ.

ಕಳೆದ ದೀಪಾವಳಿಯ ಆಸುಪಾಸಿನಲ್ಲಿ ನನ್ನ ಸೋದರಮಾವ ಬಂದು ಅದೇ ಪ್ರಶ್ನೆ ಕೇಳಿದರು. ಅವರಿಗೆ ಬೇಕಾದ ಮನೆ ಮಾತ್ರ ಬೇರೆ. ಬಾದಾಮಿ ಕಡೆಯ ಹೊಲದಲ್ಲಿ, ತಮ್ಮ ಅಜ್ಜನ ಮನೆಯ ಹಾಗೆ, ಕಂಬ-ತೊಲೆಗಳ ಮೇಲೆ ನಿಲ್ಲುವ ಕಟ್ಟಿಗೆಯ ಚೌಕಟ್ಟಿನ ಮನೆ. ಮೂವತ್ತಕ್ಕೆ ನಲವತ್ತು, ಒಂದೇ ಅಂತಸ್ತು. "1,200 ಚದರ ಅಡಿ. ಗುಣಿಸಿ ಹೇಳು ಅಳಿಯಾ" ಎಂದರು.

ಗುಣಿಸಲು ನನ್ನ ಬಳಿ ಅಂಕಿಯೇ ಇರಲಿಲ್ಲ. ಇಂಥ ಮನೆಗೆ ಚದರ ಅಡಿಯ ದರ ಎಂಬುದು ಮೊದಲು ಹುಟ್ಟುವುದಿಲ್ಲ. ಎಲ್ಲ ಲೆಕ್ಕ ಮುಗಿದ ಮೇಲೆ, ಭಾಗಿಸಿದರೆ ಹುಟ್ಟುತ್ತದೆ. ಅದನ್ನು ಮಾವನಿಗೆ ಬಿಡಿಸಿ ಹೇಳಲು ಎರಡು ಸಂಜೆ ಹಿಡಿಯಿತು.

ಮೊದಲು ಯಾವ ಮನೆಯ ಮಾತು ಎಂಬುದು ತಿಳಿಯಾಗಲಿ. ಬಾಗಿಲು, ಕಿಟಕಿಗೆ ಸಾಗವಾನಿ ಹಾಕಿಸಿದ ಮಾತ್ರಕ್ಕೆ ಅದು ಕಟ್ಟಿಗೆಯ ಚೌಕಟ್ಟಿನ ಮನೆಯಾಗುವುದಿಲ್ಲ. ಚಾವಣಿಯ ಭಾರ ತೊಲೆಗೆ ಇಳಿಯಬೇಕು, ತೊಲೆಯಿಂದ ಕಂಬಕ್ಕೆ, ಕಂಬದಿಂದ ಬುಡದ ಕಲ್ಲಿಗೆ. ಗೋಡೆಗೆ ಮರೆ ಮಾಡುವುದಷ್ಟೇ ಕೆಲಸ. ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳು ಹೀಗೆಯೇ ಇವೆ: ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. 1993ರ ಸೆಪ್ಟೆಂಬರ್ 30ರಂದು ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದು ಬಿದ್ದರೂ, ಎಷ್ಟೋ ಮನೆಗಳಲ್ಲಿ ಒಳಗಿನ ಕಟ್ಟಿಗೆಯ ಚೌಕಟ್ಟು ನಿಂತೇ ಇತ್ತು. ಐಹೊಳೆಯ ಲಾಡಖಾನ ಗುಡಿಯ ಚಾವಣಿಯನ್ನು ನೋಡಿದವರಿಗೆ ಇನ್ನೊಂದು ನೆನಪಾಗಬಹುದು. ಅಲ್ಲಿ ಕಲ್ಲುಹಾಸುಗಳ ಸಂದಿಗಳನ್ನು ಮುಚ್ಚಿರುವುದು ಮರದ ದಿಮ್ಮಿಯ ಆಕಾರದಲ್ಲಿ ಕಡೆದ ಉದ್ದುದ್ದ ಕಲ್ಲುಪಟ್ಟಿಗಳು. ಕಲ್ಲಿನಲ್ಲಿ ಕಟ್ಟುವಾಗಲೂ ಶಿಲ್ಪಿಯ ಕೈ ಕಟ್ಟಿಗೆಯ ಮನೆಯನ್ನು ಮರೆತಿರಲಿಲ್ಲ.

ಆ ಮನೆಗಳನ್ನು ಹಿರಿಯರು ಅಳೆಯುತ್ತಿದ್ದುದು ಚದರ ಅಡಿಯಲ್ಲಿ ಅಲ್ಲ, ಅಂಕಣದಲ್ಲಿ. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. "ಆರು ಅಂಕಣದ ಮನೆ" ಎಂದರೆ ಕೇಳಿದವನಿಗೆ ಜಾಗದ ಅಂದಾಜು ಸಿಕ್ಕಿತು, ಕಂಬ ಎಷ್ಟು, ತೊಲೆ ಎಷ್ಟು ಎಂಬುದೂ ಜೊತೆಗೇ ಸಿಕ್ಕಿತು. ಅಂದಾಜುಪಟ್ಟಿಯ ಅರ್ಧ ಕೆಲಸ ಆ ಒಂದು ಮಾತಿನಲ್ಲೇ ಮುಗಿಯುತ್ತಿತ್ತು. ಚದರ ಅಡಿಗೆ ಆ ಗುಣವಿಲ್ಲ.

ಒಂದು ಅಂಕಣದ ಮನೆಗೆ ಕಂಬ ನಾಲ್ಕು. ಎರಡು ಅಂಕಣಕ್ಕೆ ಎಂಟಲ್ಲ, ಆರು. ನಡುವಿನ ಕಂಬಗಳು ಎರಡೂ ಕಡೆಗೆ ದುಡಿಯುತ್ತವೆ. ಮಾವನ ಮನೆಯನ್ನು ಹತ್ತಡಿಗೊಂದು ಕಂಬದಂತೆ ಹಾಕಿದರೆ ಅಗಲಕ್ಕೆ ಮೂರು, ಉದ್ದಕ್ಕೆ ನಾಲ್ಕು, ಒಟ್ಟು 12 ಅಂಕಣ, ಕಂಬಗಳು 20. ಅದೇ 12 ಅಂಕಣವನ್ನು ರೈಲು ಡಬ್ಬಿಯಂತೆ ಒಂದೇ ಸಾಲಿನಲ್ಲಿ ಇಟ್ಟರೆ ಕಂಬಗಳು 26 ಆಗುತ್ತವೆ. ಚದರ ಅಡಿ ಎರಡರಲ್ಲೂ 1,200. ಚಿಕ್ಕ ಮನೆಗೆ, ಮೂಲೆ ಮೂಲೆ ಚಾಚಿಕೊಂಡ ಮನೆಗೆ ಕಟ್ಟಿಗೆ ಯಾಕೆ ಹೆಚ್ಚು ತಿನ್ನುತ್ತದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಲೆಕ್ಕ ನನಗೆ ಗೊತ್ತಿಲ್ಲ.

ತಲೆಯ ಮೇಲೆ ಎಷ್ಟು ಭಾರ?

ಮಾವನಿಗೆ ಮಣ್ಣಿನ ಮಾಳಿಗೆಯ ಮೇಲೇ ಆಸೆ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಅದರಷ್ಟು ತಂಪು ಬೇರೊಂದಿಲ್ಲ ಎಂಬ ಮಾತು ಸುಳ್ಳೂ ಅಲ್ಲ. ಆದರೆ ಕಟ್ಟಿಗೆಯ ಖರ್ಚನ್ನು ಮೊದಲು ನಿರ್ಧರಿಸುವುದು ಚಾವಣಿ. ಒಂದು ಘನ ಅಡಿ ಮಣ್ಣು ಬಡಿದು ಕೂರಿಸಿದರೆ 45ರಿಂದ 50 ಕಿಲೋ ತೂಗುತ್ತದೆ. ಹತ್ತಕ್ಕೆ ಹತ್ತರ ಅಂಕಣದ ಮೇಲೆ ಒಂದಡಿ ದಪ್ಪ ಮಣ್ಣು ಹಾಕಿದರೆ ನಾಲ್ಕೂವರೆಯಿಂದ ಐದು ಟನ್. ಮಳೆ ಬಂದು ನೆನೆದರೆ ಇನ್ನೂ ಹೆಚ್ಚು. ಅದೇ ಅಂಕಣಕ್ಕೆ ಮಂಗಳೂರು ಹಂಚು ಹೊದಿಸಿದರೆ ಭಾರ ಅರ್ಧ ಟನ್ನಿನ ಆಸುಪಾಸು. ಹತ್ತರಲ್ಲಿ ಒಂದು ಪಾಲು.

ಹಳೆಯ ಮನೆಗಳಲ್ಲಿ ಒಬ್ಬರ ತೋಳಿಗೆ ನಿಲುಕದಷ್ಟು ದಪ್ಪ ಕಂಬ, ಗೇಣು ದೂರಕ್ಕೊಂದು ಜಂತಿ ಇರುವುದು ಶ್ರೀಮಂತಿಕೆಯ ತೋರಿಕೆಗಷ್ಟೇ ಅಲ್ಲ, ಈ ಐದು ಟನ್ನಿನ ಸಲುವಾಗಿ. ಆಗ ಕಟ್ಟಿಗೆ ಅಗ್ಗವಿತ್ತು, ಮಣ್ಣು ಪುಕ್ಕಟೆ ಇತ್ತು. ಈಗ ಕಟ್ಟಿಗೆಯೇ ಬಂಗಾರ. ಮಣ್ಣನ್ನು ಹೊರಲು ಬಂಗಾರದ ಕಂಬ ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ. ಹಂಚಿನ ಕೆಳಗೆ ಹಲಗೆಯ ಒಳಚಾವಣಿ ಮಾಡಿಸಿಕೊಂಡರೆ ಅರ್ಧಕ್ಕರ್ಧ ತಂಪು ಸಿಗುತ್ತದೆ ಎಂದು ಒಪ್ಪಿಸಿದೆ.

"ಹಾಗಾದರೆ ತಗಡು ಇನ್ನೂ ಹಗುರ ಅಲ್ಲವೇ?" ಎಂದರು. ಹಗುರ ಹೌದು. ಆದರೆ ಮುಂಗಾರಿಗೆ ಮೊದಲಿನ ಗಾಳಿ-ಮಳೆಗೆ ನಮ್ಮ ಕಡೆ ತಗಡು ಹಾರುವುದು ಪ್ರತಿ ವರ್ಷದ ಸುದ್ದಿ. ಹಗುರ ಚಾವಣಿಯನ್ನು ಹೊರುವುದು ಸುಲಭ, ಹಿಡಿದಿಡುವುದು ಕಷ್ಟ. ಬೋಲ್ಟು, ಕಬ್ಬಿಣದ ಪಟ್ಟಿಯ ಖರ್ಚು ಅಲ್ಲಿ ಬಂದು ಕೂರುತ್ತದೆ.

ಅಂಕಣದ ಅಗಲವೂ ಹೀಗೆಯೇ ಮೋಸ ಮಾಡುತ್ತದೆ. ಪಡಸಾಲೆಯ ನಡುವೆ ಕಂಬ ಬೇಡ, ಹದಿನಾಲ್ಕು ಅಡಿ ಖುಲ್ಲಾ ಇರಲಿ ಎನ್ನುವವರು ಬಹಳ. ಹತ್ತಡಿಯ ತೊಲೆಯನ್ನು ಹದಿನಾಲ್ಕಕ್ಕೆ ಹಿಗ್ಗಿಸಿದರೆ, ಅಡಿಯೊಂದಕ್ಕೆ ಬೀಳುವ ಭಾರ ಅಷ್ಟೇ ಇದ್ದರೂ ಅದು ಬಾಗುವುದು ಒಂದೂವರೆ ಪಟ್ಟಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟು. ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಬಾಗು ಏರುತ್ತದೆ. ಅದನ್ನು ತಡೆಯಲು ತೊಲೆಯ ಎತ್ತರವನ್ನು ಎಂಟಿಂಚಿನಿಂದ ಹನ್ನೊಂದಕ್ಕೋ ಹನ್ನೆರಡಕ್ಕೋ ಒಯ್ಯಬೇಕು. ಅಷ್ಟು ದೊಡ್ಡ, ಅಷ್ಟು ಉದ್ದದ ತುಂಡಿಗೆ ದರವೂ ಬೇರೆ, ಏಕೆಂದರೆ ದಿಮ್ಮಿಯ ಸುತ್ತಳತೆ ಮತ್ತು ಉದ್ದ ಹೆಚ್ಚಿದಂತೆ ಘನ ಅಡಿಯ ಬೆಲೆಯೇ ಮೇಲೇರುತ್ತದೆ. ಒಂದು ಕಂಬ ಉಳಿಸಲು ಹೋಗಿ ಮೂರು ಕಂಬದ ದುಡ್ಡನ್ನು ತೊಲೆಗೆ ಸುರಿದವರನ್ನು ನೋಡಿದ್ದೇನೆ.

ತುಂಡು ಎಣಿಸುವುದು

ಇನ್ನು ನಿಜವಾದ ಕೆಲಸ. ಮನೆಯನ್ನು ಮನಸ್ಸಿನಲ್ಲೇ ಕಳಚಿ, ಅಂಗಳದಲ್ಲಿ ತುಂಡು ತುಂಡಾಗಿ ಹರವಿಕೊಂಡು ಎಣಿಸಬೇಕು. ಅಗಲ ಮತ್ತು ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಕಟ್ಟಿಗೆ ಅಡ್ಡೆಯಲ್ಲಿ ಎಲ್ಲರೂ ಬಳಸುವ ಸೂತ್ರ ಇದೇ. ಸರ್ಕಾರಿ ದರಪಟ್ಟಿ ನೋಡುವವರಿಗೆ ಅಲ್ಲಿ ಘನ ಮೀಟರ್ ಸಿಗುತ್ತದೆ. ಒಂದು ಘನ ಮೀಟರ್ ಎಂದರೆ 35.3 ಘನ ಅಡಿ.

ಮಾವನ ಮನೆಯನ್ನೇ ಎಣಿಸೋಣ. ಹೊರಸಾಲಿನ ಹತ್ತು ಕಂಬ ಒಂಬತ್ತು ಅಡಿಯವು. ಇಳಿಜಾರು ಚಾವಣಿಯಾದ್ದರಿಂದ ಒಳಸಾಲಿನ ಹತ್ತು ಕಂಬ ಹದಿನೈದು ಅಡಿ ಬೇಕು. ಒಟ್ಟು 240 ಅಡಿ. ಆರಿಂಚು ಚೌಕದ ಕಂಬ ಪ್ರತಿ ಅಡಿಗೆ ಕಾಲು ಘನ ಅಡಿ, ಅಂದರೆ 60 ಘನ ಅಡಿ.

ತೊಲೆಗಳು: ಉದ್ದಕ್ಕೆ ಹೋಗುವ ನಾಲ್ಕು ಸಾಲು, ಚಾವಣಿಯ ಎರಡೂ ಇಳಿಜಾರು ಕೂಡುವ ನೆತ್ತಿಯದು ಒಂದು, ಎರಡು ತುದಿಗೂ ಎರಡೆರಡು ಅಡಿ ಹೊರಚಾಚು ಸೇರಿ ಒಂದೊಂದು 44 ಅಡಿ. ಅಡ್ಡಕ್ಕೆ ಮೂವತ್ತು ಅಡಿಯ ಐದು ಸಾಲು. ಎಲ್ಲ ಕೂಡಿ 370 ಅಡಿ. ನಾಲ್ಕಕ್ಕೆ ಎಂಟರ ತೊಲೆಯಾದರೆ 82 ಘನ ಅಡಿ. ನೆತ್ತಿಯ ತೊಲೆಯನ್ನು ಹೊರುವ ಅಡ್ಡಪಟ್ಟಿ ಮತ್ತು ಗಿಡ್ಡ ಕಂಬಗಳಿಗೆ 11. ಕಂಬ-ತೊಲೆಗಳ ಮೂಲೆಗೆ ಓರೆಯಾಗಿ ಕೊಡುವ ಆನಿಕೆಗಳು ನಲವತ್ತು, ಮೂರು ಮೂರು ಅಡಿಯವು, ಅವುಗಳಿಗೆ 13.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಾನೂ ಕೆಲಸಕ್ಕೆ ಹೊಸದರಲ್ಲಿ ಒಂದು ಮನೆಯ ವರಾಂಡಕ್ಕೆ ಅಂದಾಜು ಬರೆಯುವಾಗ ಇಲ್ಲಿಗೇ ನಿಲ್ಲಿಸಿದ್ದೆ. ಕಂಬ, ತೊಲೆ ಕಣ್ಣಿಗೆ ಹೊಡೆಯುತ್ತವೆ. ಮೇಲಿನ ಸಣ್ಣ ಕಟ್ಟಿಗೆ "ಏನೋ ಸ್ವಲ್ಪ ಬೇಕಾಗುತ್ತದೆ" ಎಂಬ ಭಾವನೆ. ಆ "ಸ್ವಲ್ಪ"ಕ್ಕೆ ಮನೆಯ ಯಜಮಾನರು ಹೆಂಡತಿಯ ಬಳೆ ಅಡವಿಟ್ಟರು. ಮರುವರ್ಷ ಸಂತೆಯಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿದ್ದು ಇನ್ನೂ ನೆನಪಿದೆ.

ಆ ಸ್ವಲ್ಪ ಎಷ್ಟು ಎಂದು ನೋಡೋಣ. ನೆತ್ತಿಯಿಂದ ಸೂರಿನವರೆಗೆ ಇಳಿಯುವ ರಾಫ್ಟರುಗಳು ಎರಡಡಿಗೊಂದರಂತೆ ಒಂದೊಂದು ಮಗ್ಗುಲಿಗೆ 23, ಒಟ್ಟು 46. ಮನೆಯ ಅರ್ಧ ಅಗಲ ಹದಿನೈದು ಅಡಿ, ಸೂರು ಎರಡಡಿ. ಮೂವತ್ತು ಡಿಗ್ರಿ ಇಳಿಜಾರಿನಲ್ಲಿ ಅದು ಇಪ್ಪತ್ತು ಅಡಿ ಆಗುತ್ತದೆ. ಮೂರಕ್ಕೆ ಐದಿಂಚಿನ ಕಟ್ಟಿಗೆ, 920 ಅಡಿ: 96 ಘನ ಅಡಿ. ಅವುಗಳ ಮೇಲೆ ಹಂಚು ಕೂರುವ ರೀಪರುಗಳು, ಮಗ್ಗುಲಿಗೆ ಇಪ್ಪತ್ತು ಸಾಲು, ಎರಡಕ್ಕೆ ಒಂದಿಂಚು, 1,760 ಅಡಿ: 24 ಘನ ಅಡಿ.

ಎರಡೂ ಸೇರಿ 120. ಇಪ್ಪತ್ತು ಕಂಬಗಳಿಗೆ ಬೇಕಾದದ್ದರ ಸರಿಯಾಗಿ ಎರಡು ಪಟ್ಟು.

ಒಟ್ಟು ಕೂಡಿದರೆ 286 ಘನ ಅಡಿ. ತುಂಡು ಹೊಂದಿಸುವಾಗ, ಕೂಡಿಕೆ ಕೊರೆಯುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 315. ಚಾವಣಿಯ ಮೇಲ್ಮೈ ಕೂಡ ಗಮನಿಸಿ: ನೆಲ 1,200 ಚದರ ಅಡಿ, ಹೊದಿಸಬೇಕಾದದ್ದು 1,760. ನೂರು ಚದರ ಅಡಿಗೆ 150 ಹಂಚಿನಂತೆ 2,640 ಹಂಚು. ನೆಲದ ಅಳತೆಯಿಂದ ಹಂಚು ತರಿಸಿದವರ ಮನೆಯಲ್ಲಿ ಮೂರನೇ ಒಂದು ಚಾವಣಿ ಆಕಾಶ ನೋಡುತ್ತಿರುತ್ತದೆ.

ಈ ಅಳತೆಗಳನ್ನು ಹಾಗೆಯೇ ಎತ್ತಿಕೊಂಡು ಮನೆ ಕಟ್ಟಬೇಡಿ. ಯಾವ ಕಟ್ಟಿಗೆ, ಎಷ್ಟು ಭಾರ, ಎಷ್ಟು ದೂರ ಎಂಬುದರ ಮೇಲೆ ದಪ್ಪ ಬದಲಾಗುತ್ತದೆ. ಕಟ್ಟಿಗೆಯ ರಚನೆಗೆಂದೇ ಐಎಸ್ 883 ಎಂಬ ಮಾನಕ ಇದೆ. ಅದನ್ನು ಬಲ್ಲ ಎಂಜಿನಿಯರಿಗೆ ತೋರಿಸಿ.

ದಿಮ್ಮಿಯೋ, ಕೊಯ್ದದ್ದೋ, ಹಳೆಯದೋ

315 ಘನ ಅಡಿ ಎಂದರೆ ಕೊಯ್ದು ಸಿದ್ಧವಾದ ಕಟ್ಟಿಗೆ. ದಾಂಡೇಲಿ ಕಡೆಯ ಸರ್ಕಾರಿ ಡಿಪೋದ ಹರಾಜಿನಲ್ಲಿ ದಿಮ್ಮಿ ಕೊಂಡರೆ ಅಗ್ಗವಾಗುತ್ತದೆ ಎಂದು ಮಾವನಿಗೆ ಯಾರೋ ಹೇಳಿದ್ದರು. ಆಗಬಹುದು, ಆಗದೆಯೂ ಇರಬಹುದು. ಇಲ್ಲಿ ಅಳತೆಯ ಒಂದು ಗುಟ್ಟಿದೆ.

ದುಂಡು ದಿಮ್ಮಿಯನ್ನು ವ್ಯಾಪಾರದಲ್ಲಿ ಅಳೆಯುವ ಹಳೆಯ ಪದ್ಧತಿ ಕಾಲು ಸುತ್ತಳತೆಯದು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವುದು. ಸುತ್ತಳತೆ 48 ಇಂಚು, ಉದ್ದ ಹತ್ತಡಿ ಇದ್ದರೆ ಹತ್ತು ಘನ ಅಡಿ. ಆದರೆ ಆ ದಿಮ್ಮಿಯಲ್ಲಿ ನಿಜವಾಗಿ ಇರುವುದು 12.73 ಘನ ಅಡಿ. ಕೊಯ್ಯುವಾಗ ಹೋಗುವ ಸಿಪ್ಪೆ, ಹೊಟ್ಟಿಗೆ ಮೊದಲೇ ಬಿಟ್ಟುಕೊಟ್ಟ ರಿಯಾಯಿತಿ ಎಂದು ತಿಳಿಯಿರಿ. ಆ ರಿಯಾಯಿತಿ ಸಾಲುವುದಿಲ್ಲ ಎಂಬುದು ಗಿರಣಿಯಲ್ಲಿ ಗೊತ್ತಾಗುತ್ತದೆ. ದಿಮ್ಮಿಯ ನಿಜವಾದ ಗಾತ್ರದಲ್ಲಿ ನೂರಕ್ಕೆ 55 ಪಾಲು ಒಳ್ಳೆಯ ಕಟ್ಟಿಗೆಯಾಗಿ ಬಂದರೆ, ಕಾಲು ಸುತ್ತಳತೆಯ ಲೆಕ್ಕದಲ್ಲಿ ಅದು ನೂರಕ್ಕೆ 70. ಹಾಗಾಗಿ 315 ಬೇಕಾದವರು 450 ಘನ ಅಡಿ ದಿಮ್ಮಿ ಕೊಳ್ಳಬೇಕು. ದಿಮ್ಮಿಯ ದರ ಕೊಯ್ದ ಕಟ್ಟಿಗೆಯ ದರದ ನೂರಕ್ಕೆ 70ಕ್ಕಿಂತ ಚೆನ್ನಾಗಿ ಕೆಳಗಿದ್ದರೆ ಮಾತ್ರ, ಸಾಗಣೆ, ಹಮಾಲಿ, ಕೊಯ್ಲಿನ ಕೂಲಿ ಕಳೆದು ಏನಾದರೂ ಉಳಿಯುತ್ತದೆ. ದಿಮ್ಮಿ ಒಳಗೆ ಟೊಳ್ಳು ಬಂದರೆ ಆ ನಷ್ಟ ಕೊಂಡವನದೇ. ಸಾಗಣೆಗೆ ಅರಣ್ಯ ಇಲಾಖೆಯ ಪಾಸು ಬೇಕೇ ಬೇಕು. ಸ್ವಂತ ಹೊಲದ ಬದುವಿನಲ್ಲಿ ಬೆಳೆದ ಸಾಗವಾನಿಯನ್ನು ಕಡಿಯಲೂ ಅನುಮತಿ ತೆಗೆದುಕೊಳ್ಳಬೇಕು. ಆ ಓಡಾಟದ ಖರ್ಚನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ, ನಾನು ಬರೆಯುತ್ತೇನೆ.

ಹಳೆಯ ಕಟ್ಟಿಗೆಯ ಮಾತು ಬೇರೆ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಖಾಲಿಯಾದಾಗ ಬಾಗಿಲು, ತೊಲೆ, ಜಂತಿಗಳನ್ನು ಕಳಚಿಕೊಂಡು ಹೊರಟವರ ಊರು ನಮ್ಮದು. ಇಂದಿಗೂ ವಾಡೆಯೊಂದು, ಅಂದರೆ ಹಳೆಯ ದೊಡ್ಡ ಮನೆಯೊಂದು, ಬಿದ್ದಿತೆಂದರೆ ಅದರ ಕಟ್ಟಿಗೆಗೆ ಗಿರಾಕಿಗಳು ಸಾಲುಗಟ್ಟುತ್ತಾರೆ. ಹತ್ತಾರು ವರ್ಷ ಒಣಗಿದ ಸಾಗವಾನಿ ಇನ್ನು ಸೊಟ್ಟಗಾಗುವುದಿಲ್ಲ, ಅದು ದೊಡ್ಡ ಲಾಭ. ಆದರೆ ಹಳೆಯ ಕುಳಿ ಇದ್ದ ತುದಿಗಳನ್ನು ಕತ್ತರಿಸಿ ಹಾಕಬೇಕು, ಗೆದ್ದಲು ಮುಟ್ಟಿದ ಭಾಗ ಬಿಡಬೇಕು. ಒಳಗೆ ಒಂದು ಮೊಳೆ ಉಳಿದಿದ್ದರೂ ಗಿರಣಿಯವರ ಗರಗಸದ ಹಲ್ಲು ಹೋಗುತ್ತದೆ, ಅದಕ್ಕೇ ಅವರು ಮುಟ್ಟಲು ಹಿಂಜರಿಯುತ್ತಾರೆ. ಕೊಂಡದ್ದರಲ್ಲಿ ನಾಲ್ಕನೇ ಒಂದು ಪಾಲು ಹೋಯಿತೆಂದೇ ಲೆಕ್ಕ ಹಾಕುವುದು ನನ್ನ ರೂಢಿ.

ಎಲ್ಲವೂ ಸಾಗವಾನಿಯೇ ಆಗಬೇಕೆಂಬ ಹಟವನ್ನಂತೂ ಬಿಡಬೇಕು. ನಮ್ಮ ಹಿರಿಯರೇ ಬಿಟ್ಟಿದ್ದರು: ಕಂಬಕ್ಕೆ ಒಂದು, ಜಂತಿಗೆ ಬೇವೋ ಜಾಲಿಯೋ ಸಿಕ್ಕದ್ದು. ಬೆಳಗಾವಿಯ ಖಾನಾಪುರದ ಕಡೆ ಮತ್ತಿ, ನಂದಿ ಬಳಸಿದ ಮನೆಗಳು ಬೇಕಾದಷ್ಟಿವೆ. ಮತ್ತಿ ಗಟ್ಟಿ, ಆದರೆ ಒಣಗುವಾಗ ಸೀಳುತ್ತದೆ. ಸಿಲ್ವರ್ ಓಕ್ ಅಗ್ಗ, ಔಷಧ ಹೊಡೆಯದೆ ಬಳಸುವಂತಿಲ್ಲ.

ಲೆಕ್ಕಕ್ಕೆಂದು, ಲೆಕ್ಕಕ್ಕೆಂದು ಮಾತ್ರ, ಕೊಯ್ದ ಸಾಗವಾನಿ ಘನ ಅಡಿಗೆ 3,500 ರೂಪಾಯಿ, ಸಾಧಾರಣ ಜಾತಿಯದು 1,200 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಿಮ್ಮ ಊರಿನ ಅಡ್ಡೆಯ ದರವನ್ನು ಅಲ್ಲಿ ಹಾಕಿಕೊಳ್ಳಿ. ಎಲ್ಲ ಸಾಗವಾನಿಯಾದರೆ 11 ಲಕ್ಷ ಮೇಲೆ ಎರಡೂವರೆ ಸಾವಿರ. ರಾಫ್ಟರು, ರೀಪರುಗಳ 132 ಘನ ಅಡಿಯನ್ನಷ್ಟೇ ಸಾಧಾರಣ ಜಾತಿಗೆ ಬದಲಿಸಿದರೆ 7 ಲಕ್ಷ 99 ಸಾವಿರ. ಮೂರು ಲಕ್ಷ ಉಳಿಯಿತು, ಅದೂ ಕೆಟ್ಟರೆ ಬಿಚ್ಚಿ ಬದಲಿಸಬಹುದಾದ ಜಾಗದಲ್ಲಿ. ಕಂಬವನ್ನು ಹಾಗೆ ಬಿಚ್ಚಲಾಗುವುದಿಲ್ಲ. ಅಡ್ಡೆಯವರು ಹೇಳುವ ದರದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಬಿಡದೆ ಕೇಳಿ. ಕಟ್ಟಿಗೆಗೆ ಅದು ಶೇ 18; ಈ ಲೆಕ್ಕದಲ್ಲಿ 1 ಲಕ್ಷ 44 ಸಾವಿರ.

ಕೂಡಿಕೆಗಳು

ಬಡಿಗೇರರ ಕೂಲಿಯನ್ನು ಘನ ಅಡಿಗೆ ಇಷ್ಟು ಎಂದು ಹಿಡಿಯುವ ರೂಢಿಯಿದೆ. ಬಾಗಿಲು ಚೌಕಟ್ಟಿಗೆ ಅದು ಸರಿಹೋದೀತು. ಇಂಥ ಮನೆಯಲ್ಲಿ ಬೆವರು ಹರಿಯುವುದು ಕೂಡಿಕೆಗಳಲ್ಲಿ: ಒಂದು ತುಂಡಿನಲ್ಲಿ ಕುಳಿ ಕೊರೆದು, ಇನ್ನೊಂದರ ತುದಿಗೆ ನಾಲಿಗೆ ತೆಗೆದು, ಕೂಡಿಸಿ, ಅಡ್ಡ ತೂತಿಗೆ ಗೂಟ ಹೊಡೆಯುವುದರಲ್ಲಿ. ಆದ್ದರಿಂದ ಕೂಡಿಕೆಗಳನ್ನೇ ಎಣಿಸಬೇಕು.

ಕಂಬಕ್ಕೂ ಅಡ್ಡತೊಲೆಗೂ 20. ಉದ್ದತೊಲೆಗೆ 20. ನೆತ್ತಿಯ ಕೆಳಗಿನ ಐದು ಜಾಗದಲ್ಲಿ ಮೂರು ಮೂರರಂತೆ 15. ಉದ್ದತೊಲೆಗಳನ್ನು ತುದಿಗೆ ತುದಿ ಸೇರಿಸುವಲ್ಲಿ 15. ಆನಿಕೆ ನಲವತ್ತು, ಒಂದೊಂದಕ್ಕೆ ಎರಡು ತುದಿ: 80. ಒಟ್ಟು 150.

ಆನಿಕೆಗಳನ್ನು ಮತ್ತೊಮ್ಮೆ ನೋಡಿ. ಕಟ್ಟಿಗೆಯ ಲೆಕ್ಕದಲ್ಲಿ ಅವು ಬರೀ 13 ಘನ ಅಡಿ, ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಕೂಡಿಕೆಯ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು. ಘನ ಅಡಿಯ ಮೇಲೆ ಕೂಲಿ ಒಪ್ಪಿಕೊಂಡ ಬಡಿಗ ಎಲ್ಲಿ ಕೈ ಕೊಡುತ್ತಾನೆಂದು ಇದರಿಂದಲೇ ಊಹಿಸಬಹುದು. ಅವನ ತಪ್ಪೂ ಅಲ್ಲ. ಒಬ್ಬ ಬಡಿಗ, ಒಬ್ಬ ಸಹಾಯಕ ದಿನಕ್ಕೆ ಮೂರು ಕೂಡಿಕೆ ಮುಗಿಸುತ್ತಾರೆಂದು ಹಿಡಿದರೆ 50 ದಿನ. ಎತ್ತಿ ನಿಲ್ಲಿಸಲು, ರಾಫ್ಟರು, ರೀಪರು ಹೊಡೆಯಲು 20 ದಿನ. ಜೋಡಿಗೆ ದಿನಕ್ಕೆ 1,900 ರೂಪಾಯಿ ಎಂದುಕೊಂಡರೆ 1 ಲಕ್ಷ 33 ಸಾವಿರ.

"ಆ ಓರೆ ಕಟ್ಟಿಗೆ ಬಿಟ್ಟುಬಿಡು, ಅಜ್ಜನ ಮನೆಯಲ್ಲಿ ಎಲ್ಲಿದ್ದವು?" ಎಂದರು ಮಾವ. ಅಜ್ಜನ ಮನೆಯಲ್ಲಿ ಎರಡೂವರೆ ಅಡಿ ದಪ್ಪದ ಗೋಡೆ ಕಂಬಗಳನ್ನು ಅಪ್ಪಿಕೊಂಡು ನಿಂತಿತ್ತು, ಮೇಲಿನ ಮಣ್ಣಿನ ಭಾರ ಎಲ್ಲವನ್ನೂ ಅದುಮಿ ಹಿಡಿದಿತ್ತು. ಒಂಬತ್ತಿಂಚಿನ ಗೋಡೆಗೆ, ಹಂಚಿನ ಚಾವಣಿಗೆ ಆ ಬಲವಿಲ್ಲ. ಆನಿಕೆ ತೆಗೆದರೆ ಗಾಳಿಗೆ ಚೌಕಟ್ಟು ಓಲುತ್ತದೆ. ಎಂಜಿನಿಯರು ಒಪ್ಪಿದ ಕಡೆ ಕಬ್ಬಿಣದ ಪಟ್ಟಿ, ಬೋಲ್ಟು ಹಾಕಿ ದಿನ ಉಳಿಸಬಹುದು, ಅಷ್ಟೇ ಎಂದೆ.

ಇಲ್ಲಿಗೆ ಕಟ್ಟಿಗೆ, ತೆರಿಗೆ, ಬಡಿಗತನ ಸೇರಿ 10 ಲಕ್ಷ 76 ಸಾವಿರ. ಮಾವ ಮೊಬೈಲಿನಲ್ಲಿ ತಾವೇ 1,200ರಿಂದ ಭಾಗಿಸಿ "897" ಎಂದು ಗೆದ್ದವರಂತೆ ನಕ್ಕರು. ಸರಿ, ಆದರೆ ಈ 897 ಅವರ ಮನೆಯದು ಮಾತ್ರ. ಅಂಕಣ ಹಿಗ್ಗಿಸಿದರೆ, ಚಾವಣಿ ಬದಲಿಸಿದರೆ ಅದು ಸತ್ತುಹೋಗುತ್ತದೆ. ಮೇಲಾಗಿ ಇದು ಬರೀ ಅಸ್ಥಿಪಂಜರ. ಹಂಚು, ಗೋಡೆ, ಫರಸಿ, ಬಾಗಿಲು, ವಿದ್ಯುತ್ತು, ನೀರು, ಶೌಚಾಲಯ ಎಲ್ಲ ಉಳಿದಿವೆ. ಅವುಗಳ ಲೆಕ್ಕ ಬೇರೆ ಯಾವುದೇ ಮನೆಯಂತೆಯೇ, ಗೌಂಡಿಯನ್ನು ಕೇಳಿದರೂ ಹೇಳುತ್ತಾನೆ.

ಅಡಿಪಾಯದ ಬಗ್ಗೆ ಮಾತ್ರ ಒಂದು ಮಾತು. ಹೊಲ ಎರೆಭೂಮಿಯಾದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಗರಸು, ಅಂದರೆ ಕೆಳಗಿನ ಗಟ್ಟಿ ನೆಲ, ಸಿಗುವವರೆಗೆ ಅಗೆಯಬೇಕು, ಅದು ಮೂರಡಿಗೋ ಎಂಟಡಿಗೋ ಎಂಬುದು ಅಗೆದಾಗಲೇ ಗೊತ್ತು. ಪಟ್ಟಿ ಬರೆಯುವ ಮೊದಲು ಎರಡು ಗುಂಡಿ ತೋಡಿಸಿ ನೋಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ ಉಕ್ಕಿದ್ದನ್ನು ಕಂಡವರಿಗೆ ನೆಲಗಟ್ಟು ಎಷ್ಟು ಎತ್ತರ ಬೇಕೆಂದು ಬೇರೆ ಹೇಳಬೇಕಿಲ್ಲ. ಪ್ರತಿ ಕಂಬದ ಬುಡಕ್ಕೆ ಕಲ್ಲು ಇರಲಿ, ಕಟ್ಟಿಗೆ ಮಣ್ಣಿಗೆ ತಾಗದಿರಲಿ. ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಗೆದ್ದಲಿನ ಔಷಧವನ್ನು ಅಡಿಪಾಯದ ಹಂತದಲ್ಲೇ ಹಾಕಿಸಿದರೆ ಅಗ್ಗ, ಮನೆ ಎದ್ದ ಮೇಲೆ ದುಬಾರಿ.

ಒಣಗುವ ಖರ್ಚು

ಪಟ್ಟಿಯಲ್ಲಿ ಇನ್ನೊಂದು ಸಾಲು ಇತ್ತು, ಅದನ್ನು ನೋಡಿ ಮಾವ ಹುಬ್ಬು ಗಂಟಿಕ್ಕಿದರು: "ಕಾಯುವುದಕ್ಕೆ 36,000."

ಹಸಿ ಕಟ್ಟಿಗೆಯಲ್ಲಿ ನೂರಕ್ಕೆ ಮೂವತ್ತು ಪಾಲಿಗಿಂತ ಹೆಚ್ಚು ನೀರಿರುತ್ತದೆ. ಬಾಗಲಕೋಟೆ, ವಿಜಯಪುರದ ಬೇಸಿಗೆಯ ಗಾಳಿ ಅದನ್ನು ಹತ್ತರ ಹತ್ತಿರಕ್ಕೆ ಎಳೆದುಬಿಡುತ್ತದೆ. ನೀರು ಮೂವತ್ತಕ್ಕಿಂತ ಕೆಳಗೆ ಇಳಿದಂತೆ ಕಟ್ಟಿಗೆ ಕುಗ್ಗುತ್ತದೆ, ಉದ್ದಕ್ಕಲ್ಲ, ಅಗಲಕ್ಕೆ. ಕುಗ್ಗುವುದರಲ್ಲಿ ಸಾಗವಾನಿ ಬಹಳ ಸಭ್ಯ. ಆದರೂ ಎಂಟಿಂಚಿನ ತೊಲೆ ಕಾಲು ಇಂಚು ಕಡಿಮೆಯಾಗುವುದು ಅಪರೂಪವಲ್ಲ. ಹಸಿಯಾಗಿ ಬಿಗಿ ಕೂಡಿಸಿದ ಕೂಡಿಕೆ ಮೊದಲ ಬೇಸಿಗೆಗೇ ಬಾಯಿ ಬಿಡುತ್ತದೆ. ಮಳೆ ಹೆಚ್ಚಿರುವ ಬೆಳಗಾವಿಯಲ್ಲಿ ಒಣಗಿಸಿದ ಕಟ್ಟಿಗೆಯೂ ಇಲ್ಲಿಗೆ ಬಂದ ಮೇಲೆ ಇನ್ನಷ್ಟು ಒಣಗುತ್ತದೆ. ಹಾಗಾಗಿ ಕೊಯ್ದ ಕಟ್ಟಿಗೆಯನ್ನು ಕಟ್ಟುವ ಜಾಗದಲ್ಲೇ, ನೆರಳಿನಲ್ಲಿ, ನಡುನಡುವೆ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಅಟ್ಟಿ ಹಾಕಿ ಬಿಡಬೇಕು. ತಿಂಗಳುಗಟ್ಟಲೆ. ಎಂಟು ಲಕ್ಷ ಸಾಲದ ದುಡ್ಡು ಆರು ತಿಂಗಳು ಹಾಗೆ ಮಲಗಿದರೆ, ಶೇ 9ರ ಬಡ್ಡಿಯಲ್ಲಿ 36,000. ಅದೂ ಮನೆಯ ಖರ್ಚೇ.

ಕೊನೆಯಲ್ಲಿ ಕೈಮೀರಿದ್ದಕ್ಕೆಂದು ಗೌಂಡಿ ಕೆಲಸದ ಮೇಲೆ ನೂರಕ್ಕೆ ಐದು, ಕಟ್ಟಿಗೆ ಕೆಲಸದ ಮೇಲೆ ನೂರಕ್ಕೆ ಹದಿನೈದು ಸೇರಿಸಿದೆ. ಕಟ್ಟಿಗೆಗೆ ಯಾಕಿಷ್ಟು ಎಂದರೆ, ಸೀಳಿದ ಒಂದು ತೊಲೆಗೆ ಬದಲಿ ತೊಲೆ ಸಿಗಲು ಹದಿನೈದು ದಿನ ಕಾಯಬೇಕು, ಅಷ್ಟು ದಿನ ಬಡಿಗರು ಬೇರೆ ಕೆಲಸಕ್ಕೆ ಹೋಗಿಬಿಡುತ್ತಾರೆ.

ಬಡಿಗ ಎಂದಾಗ ನೆನಪಾಯಿತು. ಪ್ಲೈವುಡ್ ಕಪಾಟು ಮಾಡುವವರು ಓಣಿಗಿಬ್ಬರು ಸಿಗುತ್ತಾರೆ, ಚೌಕಟ್ಟು ಎತ್ತುವವರು ಸಿಗುವುದಿಲ್ಲ. ಗುಳೇದಗುಡ್ಡದ ಹತ್ತಿರದ ಹಳ್ಳಿಯೊಂದರಲ್ಲಿ ಎಪ್ಪತ್ತು ದಾಟಿದ ಬಡಿಗೇರ ಅಜ್ಜ ಒಬ್ಬರಿದ್ದಾರೆಂದು ತಿಳಿದು ಮಾವ, ನಾನು ಹೋದೆವು. ಅಜ್ಜ ನನ್ನ ಪಟ್ಟಿಯನ್ನು ಮೊಮ್ಮಗನಿಂದ ಓದಿಸಿ ಕೇಳಿದರು. 150 ಕೂಡಿಕೆ ಎಂದಾಗ ತಲೆಯಾಡಿಸಿದರು. ದಿನಕ್ಕೆ ಮೂರು ಎಂದಾಗ "ಮೊದಲ ವಾರ ಎರಡೇ ಬರೆಯಿರಿ, ಹುಡುಗರ ಕೈ ಹದಕ್ಕೆ ಬರಬೇಕು" ಎಂದರು.

"ಕಟ್ಟಿಗೆ ಕೊಯ್ಸಿ ಎಷ್ಟು ದಿನ ಆಯಿತು ಸಾಹುಕಾರರೇ?"

"ಇನ್ನೂ ಕೊಂಡಿಲ್ಲ ಅಜ್ಜಾ."

"ಹಾಗಾದರೆ ಈಗ ಕೊಂಡು ಅಟ್ಟಿ ಹಾಕಿಸಿ. ಬರುವ ದಸರೆಗೆ ಕರೆಯಿರಿ, ಬರುತ್ತೇನೆ. ನನ್ನ ಕೂಲಿ ಎಷ್ಟು ಅಂತ ಆಗ ಕೇಳಿ."

ದರದ ಸಾಲನ್ನು ನಾನು ಯಾವಾಗಲೂ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಮನೆಗೆ ಬಂದು ಬಡಿಗತನದ ಎದುರಿನ ಅಂಕಿಯನ್ನು ಅಳಿಸಿದೆ. 286 ಘನ ಅಡಿ, 150 ಕೂಡಿಕೆ ಪೆನ್ನಿನಲ್ಲಿದ್ದವು, ಹಾಗೇ ಬಿಟ್ಟೆ.